ತಾಳಿಕೊ ಎನ್ನುವವರಿಗೆ ಒಂದು ಮಾತು

ನಮ್ಮ ಕಡೆ ಹೆಣ್ಣಿನ ಎಲ್ಲ ಕಷ್ಟಕ್ಕೂ ಒಂದೇ ಔಷಧ: 'ತಾಳಿಕೊ ಯವ್ವಾ.' ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಿನ ಯಾವ ಓಣಿಗೆ ಬೇಕಾದರೂ ಹೋಗಿ ಕೇಳಿ. ಬೆನ್ನ ಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದ ಮಗಳಿಗೆ ಹಡೆದವ್ವನೇ ಇದನ್ನು ಅರೆದು ಕುಡಿಸುತ್ತಾಳೆ. ಹಿಂದೂಗಳ ಮನೆಯಲ್ಲಿ ಅದರ ಹೆಸರು ಹಣೆಬರಹ, ಮುಸಲ್ಮಾನರ ಮನೆಯಲ್ಲಿ ಸಬರ್, ನಮ್ಮಂಥ ಕ್ರೈಸ್ತರ ಮನೆಯಲ್ಲಿ ಶಿಲುಬೆ. ಹೆಸರು ಮೂರಾದರೂ ಕುಡಿಯುವವಳು ಒಬ್ಬಳೇ.

ಬೇರೆಯವರ ಮನೆಯ ಔಷಧದ ಬಗ್ಗೆ ನಾನು ಮಾತಾಡುವುದಿಲ್ಲ. ನಮ್ಮದರ ಬಗ್ಗೆ ಮಾತ್ರ ಜಗಳ ಆಡಲೇಬೇಕಾಗಿದೆ.

ಪ್ರಾರ್ಥನಾ ಕೂಟಗಳಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ ಒಂದು ಮಾತು ಮೇಲಿಂದ ಮೇಲೆ ಬರುತ್ತದೆ. ಯೇಸು ದೇವರ ಮಗನಾಗಿದ್ದರೂ ಪಟ್ಟ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತನು ಎಂಬುದು ಅದರ ತಾತ್ಪರ್ಯ. ದೊಡ್ಡ ಮಾತು, ನಾನೂ ತಲೆಬಾಗುತ್ತೇನೆ. ಆದರೆ ಈ ವಾಕ್ಯ ಓದಿದ ಕೂಡಲೇ ಬೋಧಕರ ಮುಖ ಹೆಂಗಸರು ಕೂತ ಜಮಖಾನೆಯ ಕಡೆಗೇ ತಿರುಗುವುದೇಕೆ? ಗಂಡಸರ ಕಡೆ ತಿರುಗಿದ್ದನ್ನು ನಾನಂತೂ ಕಂಡಿಲ್ಲ. ಅಲ್ಲಿಂದ ಮುಂದೆ ವಿಧೇಯತೆ ಅಂದರೆ ಗಂಡನಿಗೆ, ಬಾಧೆ ಅಂದರೆ ಗಂಡನ ಕೈಯಿಂದ ಎಂದು ಅರ್ಥ ಬದಲಾಗಿಬಿಡುತ್ತದೆ.

ಯೇಸು ವಿಧೇಯನಾಗಿದ್ದದ್ದು ತಂದೆಯಾದ ದೇವರಿಗೆ. ಮನುಷ್ಯರಿಗೆ ಆತ ವಿಧೇಯನಾಗಿದ್ದನೇ? ಸಬ್ಬತ್ ದಿನ ರೋಗಿಗಳನ್ನು ವಾಸಿ ಮಾಡಬೇಡ ಅಂದರೆ ಮಾಡಿದ. ದೇವಾಲಯದಲ್ಲಿ ವ್ಯಾಪಾರಕ್ಕೆ ಕೂತವರ ಮೇಜು ಕೆಡವಿದ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಎಂದದ್ದು ಎಲ್ಲರಿಗೂ ಬಾಯಿಪಾಠ. ಆದರೆ ಮಹಾಯಾಜಕನ ಮುಂದೆ ಕಾವಲಿನವನೊಬ್ಬ ತನ್ನ ಕೆನ್ನೆಗೇ ಹೊಡೆದಾಗ ಆತ ಏನು ಮಾಡಿದ? ನಾನು ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದ. ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ, ತೆಗೆದು ನೋಡಿ. ಅಪೊಸ್ತಲನಾದ ಪೌಲನೂ ಕಡಿಮೆಯವನಲ್ಲ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆದು ಸೆರೆಗೆ ಹಾಕಿದ ಅಧಿಕಾರಿಗಳು ಮಾರನೆಯ ದಿನ ಸದ್ದಿಲ್ಲದೆ ಬಿಟ್ಟುಕಳಿಸಲು ನೋಡಿದರೆ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಹಟ ಹಿಡಿದ. 'ಯಾಕೆ ಹೊಡೆಯುತ್ತೀ' ಎಂದು ಕೇಳುವುದು ಅವಿಧೇಯತೆಯಾದರೆ ಆ ಪಾಪ ಮೊದಲು ಯಾರ ತಲೆಗೆ ಬರುತ್ತದೆ, ಬೋಧಕರೇ ಹೇಳಲಿ.

ಇನ್ನು ಪಂಡಿತಾ ರಮಾಬಾಯಿ. ಮರಾಠಿಯವರು ತಮ್ಮವಳೆನ್ನುತ್ತಾರೆ, ಸರಿಯೇ. ಆದರೆ 1858ರಲ್ಲಿ ಆಕೆ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದನೆಂದು ಜನರ ಸಿಟ್ಟಿಗೆ ಗುರಿಯಾದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಬರಗಾಲದಲ್ಲಿ ತಂದೆತಾಯಿ ಸತ್ತರು. ಅಣ್ಣನೊಂದಿಗೆ ದೇಶವೆಲ್ಲ ನಡೆದಳು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ವಿಧವೆಯಾದಳು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಳು. ಬಾಧೆಯಿಂದ ಕಲಿಯುವುದಿದ್ದರೆ ಇವಳಿಗಿಂತ ಹೆಚ್ಚು ಕಲಿತವರು ಯಾರು? ಆದರೂ ಅಲ್ಲಿನ ಮಠದ ಸಿಸ್ಟರು ವಿಧೇಯಳಾಗಿರು ಎಂದಾಗ, ನನ್ನ ಮನಸ್ಸಾಕ್ಷಿಯನ್ನು ಇನ್ನೊಬ್ಬರ ಕೈಗೆ ಕೊಡಲಾರೆ ಎಂಬರ್ಥದ ಪತ್ರಗಳನ್ನು ಬರೆದಳು. ಗಂಡುಹುಡುಗರಿಗೆ ಪಾಠ ಹೇಳಕೂಡದೆಂದ ಬಿಷಪ್ಪರ ಮೇಲೂ ಸಿಡಿದಳು. ಇಷ್ಟು ಹಟಮಾರಿ ಹೆಂಗಸು ದೇವರಿಗೆ ವಿಧೇಯಳಾದದ್ದು ಹೇಗೆ? 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. 1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ತಾನೇ ಹೋಗಿ, ಹಸಿದು ಬೀದಿಗೆ ಬಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವದಲ್ಲಿ ಇರಿಸಿದಳು. ಅವರಿಗೆ ತಾಳಿಕೊಳ್ಳಿರೆಂದು ಪ್ರಸಂಗ ಮಾಡಲಿಲ್ಲ. ಮಗ್ಗ, ಅಚ್ಚುಕೂಟ, ಹೊಲಗೆಲಸ ಕಲಿಸಿದಳು.

ಯಾಕೋಬನ ಪತ್ರಿಕೆ ಹೇಳುವುದೂ ಇದನ್ನೇ. ಉಡಲು ಬಟ್ಟೆಯಿಲ್ಲದ, ಉಣ್ಣಲು ಕೂಳಿಲ್ಲದ ಅಕ್ಕತಂಗಿಗೆ ಸಮಾಧಾನದಿಂದ ಹೋಗು ಎಂದು ಬರಿಗೈಯಲ್ಲಿ ಕಳಿಸಿದರೆ ಆ ನಂಬಿಕೆ ಸತ್ತದ್ದು ಎನ್ನುತ್ತಾನೆ ಆತ. 'ತಾಳಿಕೊ ಯವ್ವಾ' ಎಂಬುದು ಆ 'ಸಮಾಧಾನದಿಂದ ಹೋಗು' ಎಂಬುದರ ಕನ್ನಡವಲ್ಲದೆ ಮತ್ತೇನು?

ಇನ್ನೊಬ್ಬರ ತಾಳ್ಮೆಯಿಂದ ನಮಗೆ ಲಾಭವಿರುವ ತನಕ ನಾವು ತಾಳ್ಮೆಯನ್ನು ಹೊಗಳುತ್ತೇವೆ. ಸವಣೂರಿನಲ್ಲಿ ಊರಿನ ಮಲ ಹೊತ್ತು ಬದುಕಿದ ಭಂಗಿ ಸಮುದಾಯದವರು ಎಷ್ಟೋ ಕಾಲ ತಾಳಿಕೊಂಡಿದ್ದರು. ನಮ್ಮ ಹಿತ್ತಲು ಚೊಕ್ಕಾಗಿತ್ತು, ಅವರ ಸಂಕಟ ಕಾಣಲಿಲ್ಲ. ಇದ್ದ ನೆಲೆಯನ್ನೂ ಬಿಡಿಸುವ ಮಾತು ಬಂದಾಗ, 2010ರ ಜುಲೈನಲ್ಲಿ ಪುರಸಭೆಯ ಮುಂದೆ ಅದೇ ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ಆಗ ನಾಡೆಲ್ಲ ಮೂಗು ಮುಚ್ಚಿಕೊಂಡು ತಿರುಗಿ ನೋಡಿತು. ಮಲ ಹೊರಿಸುವುದನ್ನು ಅಪರಾಧವೆಂದ ಕಾನೂನು 1993ರದು. ನಡುವಿನ ಆ 17 ವರ್ಷ ನಮ್ಮ ಗುಡಿ, ಮಸೀದಿ, ಚರ್ಚುಗಳ ಗಂಟೆ, ಬಾಂಗು, ಪ್ರಾರ್ಥನೆ ಒಂದು ದಿನವೂ ತಪ್ಪಿರಲಿಲ್ಲ.

ಹಾಗಾದರೆ ಕಷ್ಟಪಡುವುದಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳುವಿರಿ. ಇದೆ. ನಮ್ಮ ಓಣಿಯಲ್ಲಿ ಹೊಲಿಗೆ ಮಾಡುವ ಅಕ್ಕ ಒಬ್ಬರಿದ್ದಾರೆ. ಬೈಬಲ್ ಓದಲು ಅಕ್ಷರ ಕೂಡಿಸಬೇಕು, ಅಷ್ಟು ಕಲಿತವರು. ಗಂಡ ಹೊರಗೆ ಹಾಕಿದ ಹುಡುಗಿಯೊಬ್ಬಳನ್ನು ಹನ್ನೊಂದು ದಿನ ಮನೆಯಲ್ಲಿಟ್ಟುಕೊಂಡರು. ಹುಡುಗಿಯ ಜಾತಿ ಬೇರೆ, ದೇವರು ಬೇರೆ. ಗಂಡನ ಕಡೆಯವರು ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದರು. ಹೊಲಿಯಲು ಬರುತ್ತಿದ್ದ ಬಟ್ಟೆ ನಿಂತವು. ಅಕ್ಕ ಅದನ್ನೆಲ್ಲ ತಾಳಿಕೊಂಡರು. ಈ ತಾಳ್ಮೆಗೆ ನಾನು ಕೈಮುಗಿಯುತ್ತೇನೆ, ಯಾಕೆಂದರೆ ಇದನ್ನು ಅವರಿಗೆ ಯಾರೂ ಬೋಧಿಸಿ ಹೊರಿಸಲಿಲ್ಲ. ಹನ್ನೆರಡನೆಯ ದಿನ ಮಿಷನ್ನಿಗೆ ಮುಸುಕು ಹಾಕಿ ಹುಡುಗಿಯನ್ನು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಕರೆದೊಯ್ದರು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನಿನ ಕೆಳಗೆ ಅಲ್ಲಿ ದೂರು ಕೊಡಬಹುದು. ನಮ್ಮ ರಾಜ್ಯದಲ್ಲಿ ಆ ಅಧಿಕಾರಿಯೇ ಸಂರಕ್ಷಣಾಧಿಕಾರಿ. ಅರ್ಜಿ ಬರೆದುಕೊಡಲು ಅಕ್ಷರ ಬಲ್ಲವರು ಬೇಕೆಂದು ಅಕ್ಕ ನನ್ನನ್ನು ಕರೆದರು. ಮುಂದಿನ ಸಲ ನಮ್ಮ ಬೋಧಕರನ್ನೇ ಕರೆಯಿರಿ ಎಂದು ಹೇಳಿದ್ದೇನೆ.