ಬೆಣ್ಣಿಹಳ್ಳದ ದಂಡೆಗೆ ಸುಣ್ಣ!

ಹಳ್ಳದ ಹೆಸರು ಬೆಣ್ಣಿ. ಅದರ ದಂಡೆಯಲ್ಲಿ ಬಾಳುವವರ ಪಾಲಿಗೆ ಬಂದದ್ದು ಸುಣ್ಣ. ಕುಂದಗೋಳ, ನವಲಗುಂದ ತಾಲೂಕುಗಳ ಎರಿ ನೆಲದಲ್ಲಿ ಹರಿದು ಮಲಪ್ರಭೆಯನ್ನು ಕೂಡುವ ಈ ಹಳ್ಳ ಬೇಸಿಗೆಯಲ್ಲಿ ಬತ್ತಿ ಮಲಗಿರುತ್ತದೆ. ಮಳೆ ಹಿಡಿದರೆ ಹೊಲ, ಹಾದಿ, ಮನೆ ಒಂದನ್ನೂ ಬಿಡುವುದಿಲ್ಲ. 2019ರ ಆಗಸ್ಟ್ ತಿಂಗಳನ್ನು ಇಲ್ಲಿಯ ಜನ ಮರೆತಿಲ್ಲ.

ಮನೆ ಬಿದ್ದವನಿಗೆ ತಿಳಿದವರು ಹೇಳುವ ಬುದ್ಧಿಮಾತು ಒಂದೇ: "ವಿಮೆ ಯಾಕ ಇಳಿಸಲಿಲ್ಲ?" ಸರಿ, ಆ ವಿಮೆಯ ಕಾಗದವನ್ನೇ ಬಿಡಿಸಿ ಓದೋಣ.

ವಿಮಾ ನಿಯಂತ್ರಣ ಪ್ರಾಧಿಕಾರದ ಆಜ್ಞೆಯಂತೆ 2021ರ ಏಪ್ರಿಲ್ 1ರಿಂದ ಮನೆಗಳಿಗೆ 'ಭಾರತ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿ ಬಂದಿದೆ. ಅದರಲ್ಲಿ ಪ್ರವಾಹಕ್ಕೆ ಪರಿಹಾರವುಂಟು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೆಲ ಕುಸಿತದ ಕಲಮಿಗೆ ಬನ್ನಿರಿ. ನದಿಯ ಕೊರೆತದಿಂದ ಕುಸಿದರೆ ಪರಿಹಾರವಿಲ್ಲ. ಮಣ್ಣು ತುಂಬಿ ಮಾಡಿದ ನೆಲ ಜಗ್ಗಿದರೆ ಇಲ್ಲ. ಕಟ್ಟಿದ ಸಾಮಗ್ರಿಯಲ್ಲಿ ದೋಷವಿದ್ದರೆ ಇಲ್ಲ.

ಎರಿ ನೆಲದಲ್ಲಿ ಮನೆ ಹೇಗೆ ಬೀಳುತ್ತದೆಂಬುದನ್ನು ಊರ ಗೌಂಡಿಯನ್ನು ಕೇಳಿರಿ. ನೀರು ಕುಡಿದ ಎರಿ ಮಣ್ಣು ಉಬ್ಬುತ್ತದೆ, ಆರುವಾಗ ಬಿರಿಯುತ್ತದೆ. ಹಳ್ಳ ಇಳಿದು ಎಂಟು-ಹತ್ತು ದಿವಸದ ಮೇಲೆ ಬುನಾದಿ ಜಗ್ಗಿ ಗೋಡೆ ಮಲಗುತ್ತದೆ. ಇದು ಪ್ರವಾಹವೋ, ಕೊರೆತವೋ, ಮಣ್ಣಿನ ಗೋಡೆಯ 'ದೋಷ'ವೋ? ಮೊದಲನೆಯದೆಂದರೆ ಹಣ, ಉಳಿದೆರಡೆಂದರೆ ಬರಿಗೈ. ಇದನ್ನು ನೋಡಿ ವರದಿ ಬರೆಯುವವನು ಕಂಪನಿ ನೇಮಿಸಿದ ಸರ್ವೇಯರ. ಕಲ್ಲು-ಸಿಮೆಂಟಿಗೆ ಗತಿಯಿಲ್ಲದೆ ಮಣ್ಣಿನಲ್ಲಿ ಕಟ್ಟಿದವನ ಬಡತನವೇ ಕೊನೆಗೆ 'ದೋಷ' ಎನಿಸಬೇಕೇ?

ಅಂಗಡಿಕಾರರೂ ಎಚ್ಚರವಾಗಿರಬೇಕು. ಮನೆಯ ಮುಂಭಾಗದಲ್ಲೇ ಅಂಗಡಿ ಇದ್ದರೂ ಜೋಳದ ಚೀಲ, ಸಕ್ಕರೆ ಚೀಲಗಳು ಈ ಪಾಲಿಸಿಯಲ್ಲಿ ಬರುವುದಿಲ್ಲ. ಅವಕ್ಕೆ 'ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬುದು ಬೇರೆ, ಅದರ ಕಂತೂ ಬೇರೆ.

ಹಾಗಾದರೆ ಸರಕಾರವಿದೆಯಲ್ಲ ಎನ್ನುವಿರಾ? 2019ರಲ್ಲಿ ರಾಜ್ಯ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಸಾರಿತು. ಅದು ಆ ಹೊತ್ತಿನ ಮನಸ್ಸು, ನಮ್ಮ ಹಕ್ಕಲ್ಲ. ಕೇಂದ್ರವು 2022ರಿಂದ 2026ರ ವರೆಗೆಂದು ಮಾಡಿದ ನಿಯಮದಲ್ಲಿ ಬಯಲು ಸೀಮೆಯ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಅರೆಬಿದ್ದ ಕಚ್ಚಾ ಮನೆಗೆ ಬರೇ 4,000! ಅದಕ್ಕೂ ಕಟ್ಟಡ ಅಧಿಕೃತವೆಂಬ ದಾಖಲೆ ಬೇಕು.

"ನೀರಿನ ದಂಡೆಯಲ್ಲಿ ಯಾಕೆ ಕಟ್ಟಿದಿರಿ?" ಎಂದು ಕೇಳುವವರಿದ್ದಾರೆ. ಕುಡಿಯುವ ನೀರಿಗಾಗಿ ಹಿರಿಯರು ಹಳ್ಳ-ಕೆರೆಯ ಬದಿಗೇ ಊರು ಕಟ್ಟಿದರು. ಎತ್ತರದ ನಿವೇಶನ ಕೊಳ್ಳುವ ಶಕ್ತಿ ಗಿರಣಿಯ ಕೂಲಿಗಿದೆಯೇ?

1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರದ ಸೊತ್ತಾಯಿತು. 1999ರ ಕಾಯದೆ ಬಂಡವಳಗಾರರಿಗೆ ಬಾಗಿಲು ತೆರೆಯಿತು. 2021ರಲ್ಲಿ ಸರಕಾರ ತನ್ನ ಪಾಲನ್ನು ಶೇಕಡಾ 51ಕ್ಕಿಂತ ಕೆಳಗಿಳಿಸಲೂ ದಾರಿ ಮಾಡಿಕೊಂಡಿತು. ಅತ್ತ ಬಂಡವಳಶಾಹಿಯ ತವರಾದ ಅಮೇರಿಕೆಯಲ್ಲಿ ಖಾಸಗಿ ಕಂಪನಿಗಳು ಪ್ರವಾಹದ ಹೊಣೆ ಹೊರಲು ಒಲ್ಲೆನೆಂದಾಗ 1968ರಲ್ಲಿ ಸರಕಾರವೇ ಪ್ರವಾಹ ವಿಮೆ ಆರಂಭಿಸಬೇಕಾಯಿತು. ನಾವು ಮಾತ್ರ ಹಿಂದಕ್ಕೆ ನಡೆಯುತ್ತಿದ್ದೇವೆ.

ನಮ್ಮ ಬೇಡಿಕೆಗಳು ಮೂರು. ಒಂದು: ಪ್ರವಾಹ ಬಂದ ಊರಿನಲ್ಲಿ ತಿಂಗಳೊಳಗೆ ಬಿದ್ದ ಮನೆ ಪ್ರವಾಹದಿಂದಲೇ ಬಿದ್ದಿತೆಂದು ತಿಳಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಕಂಪನಿಯದು. ಎರಡು: 2016ರ ಫಸಲ್ ವಿಮೆಯಲ್ಲಿ ಮುಂಗಾರಿ ಧಾನ್ಯಕ್ಕೆ ರೈತನಿಂದ ಹೆಚ್ಚೆಂದರೆ ಶೇಕಡಾ 2 ಪಡೆದು ಉಳಿದ ಕಂತನ್ನು ಸರಕಾರಗಳು ತುಂಬುವಂತೆ, ದಂಡೆಯ ಮನೆಗಳ ಕಂತನ್ನೂ ತುಂಬಬೇಕು. ಬೆಳೆಗೆ ಇರುವ ನ್ಯಾಯ ಬೆಳೆದವನ ಮನೆಗೆ ಬೇಡವೇ? ಮೂರು: ಪಾಲಿಸಿ ಕನ್ನಡದಲ್ಲಿರಬೇಕು, ಪಂಚನಾಮೆ ಊರವರ ಎದುರಿನಲ್ಲಿ ಆಗಬೇಕು.

ಬಂಧುಗಳೇ, ಮುಂದಿನ ಮಳೆಗಾಲಕ್ಕೆ ಮೊದಲೇ ಪ್ರತಿ ಊರಿನಿಂದ ಈ ಮೂರು ಮಾತುಗಳ ಮನವಿಗೆ ಸಹಿ ಕೂಡಿಸಿ ತಹಶೀಲ್ದಾರ ಕಚೇರಿಗೆ ನಡೆಯಿರಿ. ಗೋಡೆ ಬಿದ್ದ ಮೇಲೆ ಒಬ್ಬೊಬ್ಬರೇ ಹೋಗಿ ಕೈ ಮುಗಿಯುವುದಕ್ಕಿಂತ, ಗೋಡೆ ನಿಂತಿರುವಾಗಲೇ ಎಲ್ಲರೂ ಕೂಡಿ ಹೋಗಿ ಕೇಳುವುದು ಲೇಸು.