ಚಿತ್ ಆದರಷ್ಟೇ ಕುಸ್ತಿಯೇ?

ನಿವೃತ್ತ ಪೈಲ್ವಾನರ ನೆಚ್ಚಿನ ಕುಸ್ತಿಗಳ ಕುರಿತ ಲೇಖನದಲ್ಲಿ, ಎದುರಾಳಿ ಚಿತ್ ಆಗದ ಜೋಡಿ ಪಟ್ಟಿಗೇ ಸೇರಕೂಡದು ಎಂಬ ತೀರ್ಪಿದೆ. ಹಾಗಾಗಿ ಪೈಲ್ವಾನ್ ಗಾಮಾನ 1928ರ ಪಟಿಯಾಲಾ ಕುಸ್ತಿಗೆ ಮೊದಲ ಸ್ಥಾನ, 1910ರ ಲಂಡನ್ ಕುಸ್ತಿಗೆ ಜಾಗವೇ ಇಲ್ಲ. ಅಖಾಡದ ಮಣ್ಣು ಮೈಗೆ ಹತ್ತಿದವರು ಹೀಗೆ ಬರೆಯಲಾರರು.

ಪಟಿಯಾಲಾದಲ್ಲಿ ಗಾಮಾನ ಎದುರಾಳಿ ಜಿಬಿಸ್ಕೊ ಒಂದು ನಿಮಿಷದೊಳಗೇ ಬಿದ್ದ. ಆಗ ಇಬ್ಬರಿಗೂ ಐವತ್ತರ ಆಸುಪಾಸು. ಲಂಡನ್ನಿನಲ್ಲಿ ಅದೇ ಜಿಬಿಸ್ಕೊ ಎರಡೂವರೆ ಗಂಟೆಗೂ ಮಿಕ್ಕಿ ಸೆಣಸಿದ, ಬಹುಪಾಲು ನೆಲಕ್ಕೆ ಕವುಚಿಕೊಂಡೇ. ಎರಡೂ ಭುಜ ನೆಲ ಮುಟ್ಟದೆ ಚಿತ್ ಇಲ್ಲ. ಕವುಚಿ ಬಿದ್ದ ಆ ಭಾರೀ ಮೈಯನ್ನು ಮಗುಚುವುದು ಎಷ್ಟು ಕಷ್ಟವೆಂದು ಗರಡಿಯ ಹುಡುಗರನ್ನೇ ಕೇಳಿ. ಸಮ ಆಯಿತು, ನಿಜ. ವಾರದ ನಂತರದ ಮರುಕುಸ್ತಿಗೆ ಜಿಬಿಸ್ಕೊ ಬರಲೇ ಇಲ್ಲ, ಪಣಕ್ಕಿದ್ದ ಜಾನ್ ಬುಲ್ ಬೆಲ್ಟ್ ಗಾಮಾನ ಪಾಲಾಯಿತು. ಲೇಖನ ಇದನ್ನು ನುಂಗಿಬಿಟ್ಟಿದೆ.

ಮುಗಿಯದ ಸೆಣಸಾಟಕ್ಕೂ ಬೆಲೆಯಿದೆ ಎಂಬುದಕ್ಕೆ ಸಾಕ್ಷಿ ಬೇಲೂರಿನಲ್ಲಿದೆ; ನಮ್ಮ ಅರಸೀಕೆರೆಯಿಂದ ಅದೇನು ದೂರವಲ್ಲ. 1117ರ ಚೆನ್ನಕೇಶವ ಗುಡಿಯ ಬಾಗಿಲ ಇಕ್ಕೆಲದಲ್ಲೂ ಹೊಯ್ಸಳರ ಮೂಲಪುರುಷನೆನ್ನುವ ಸಳನಿದ್ದಾನೆ. ಮೃಗ ಎರಗುತ್ತಿದೆ, ಆಯುಧ ಇವನ ಕೈಯಲ್ಲಿದೆ. ಸತ್ತ ಮೃಗದ ಮೇಲೆ ಕಾಲಿಟ್ಟು ನಿಂತ ಸಳನನ್ನು ಕಡೆಯಲು ಆ ಶಿಲ್ಪಿಗೆ ಬರುತ್ತಿರಲಿಲ್ಲವೇ? ಹೊಯ್ಸಳರು ಲಾಂಛನಕ್ಕೆ ಆರಿಸಿದ್ದು ಸೆಣಸಾಟ ಇನ್ನೂ ಮುಗಿಯದ ಗಳಿಗೆಯನ್ನು.

ಜಾತ್ರೆಯ ಕುಸ್ತಿಯಲ್ಲೂ ಪಟ್ಟು ಬಿಡದ ಜೋಡಿಯನ್ನು ಬಿಡಿಸಿ, ಇನಾಮು ಸಮನಾಗಿ ಹಂಚುವುದುಂಟು. ಲೇಖಕರು ಲಂಡನ್ನನ್ನು ಪಟ್ಟಿಯ ತಲೆಗೆ ತರಲಿ. ಪಟಿಯಾಲಾ ಬೇಕಾದರೆ ಕೆಳಗೆಲ್ಲಾದರೂ ಇರಲಿ.