ಜಿರಾಫೆಯ ನಾಲಗೆ ಹೇಳುವ ಮಾತು

ಮೃಗಾಲಯದಲ್ಲಿ ಜಿರಾಫೆಯ ಆವರಣದ ಮುಂದೆ ನೆರೆದ ಜನರು ಬಹು ಸಂತೋಷದಿಂದ ನೋಡುವ ದೃಶ್ಯವೊಂದುಂಟು. ಆ ಪ್ರಾಣಿಯು ತನ್ನ ನೀಳವಾದ ಕಪ್ಪು ನಾಲಗೆಯನ್ನು ಹೊರಚಾಚಿ ಗೋಡೆಯನ್ನೋ ಕಬ್ಬಿಣದ ಸಲಾಕೆಯನ್ನೋ ಪದೇ ಪದೇ ನೆಕ್ಕುತ್ತದೆ. ಕೆಲವು ವೇಳೆ ಗಾಳಿಯಲ್ಲಿಯೇ ನಾಲಗೆಯನ್ನು ಸುತ್ತಿ ತಿರುಗಿಸುತ್ತದೆ. ಮಕ್ಕಳು ಇದನ್ನು ಆಟವೆಂದು ಭಾವಿಸಿ ನಗುತ್ತಾರೆ, ಹಿರಿಯರೂ ಹೌದೆನ್ನುತ್ತಾರೆ. ವಾಸ್ತವವಾಗಿ ಅದು ಕೆಲಸವಿಲ್ಲದ ಅಂಗವೊಂದರ ವ್ಯರ್ಥ ಚಲನೆ. ಜಿರಾಫೆಗಳ ಪಾಲನೆ ಚೆನ್ನಾಗಿದೆಯೆ ಎಂದು ನಿರ್ಣಯಿಸುವಾಗ ಪ್ರಾಣಿಯ ತೂಕ, ಆಯುಸ್ಸು, ಮರಿಗಳ ಸಂಖ್ಯೆ ಇವುಗಳ ಜೊತೆಗೆ ಈ ಚಲನೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಜಿರಾಫೆಯ ದೇಹರಚನೆಯನ್ನು ಭೌತವಿಜ್ಞಾನದ ದೃಷ್ಟಿಯಿಂದ ಸ್ವಲ್ಪ ಪರಿಶೀಲಿಸೋಣ. ಪ್ರಾಯಕ್ಕೆ ಬಂದ ಗಂಡು ಜಿರಾಫೆಯು 5 ಮೀಟರಿಗೂ ಮಿಕ್ಕಿ ಎತ್ತರವಿರುತ್ತದೆ. ಅದರ ಹೃದಯಕ್ಕೂ ಮಿದುಳಿಗೂ ನಡುವಣ ಅಂತರ ಸುಮಾರು 2 ಮೀಟರ್. ಅಷ್ಟು ಎತ್ತರದ ರಕ್ತಸ್ತಂಭವನ್ನು ಎತ್ತಿ ಹಿಡಿಯುವುದಕ್ಕೇ ಸುಮಾರು 150 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬೇಕು. ರಕ್ತವು ಅಲ್ಲಿಂದ ಮುಂದೆ ಮಿದುಳಿನೊಳಗೆ ಹರಿಯಬೇಕಾದರೆ ಇನ್ನಷ್ಟು ಬೇಕು. ಆದಕಾರಣವೇ ಜಿರಾಫೆಯ ರಕ್ತದೊತ್ತಡವು ಮನುಷ್ಯನ ರಕ್ತದೊತ್ತಡದ ಸುಮಾರು ಎರಡರಷ್ಟಿದೆ. ಇಷ್ಟು ದೊಡ್ಡ ಬೆಲೆ ತೆತ್ತು ಬೆಳೆದ ಆ ಎತ್ತರದ ಮುಖ್ಯ ಪ್ರಯೋಜನಗಳಲ್ಲಿ ಒಂದು, ಇತರ ಪ್ರಾಣಿಗಳಿಗೆ ಎಟುಕದ ಎಲೆಯನ್ನು ತಿನ್ನುವುದು. ಎತ್ತರದ ಕೊಂಬೆಗೆ ಕತ್ತು ಒಯ್ಯುತ್ತದೆ. ಮುಳ್ಳುಗಳ ನಡುವಿನಿಂದ ಎಲೆಯನ್ನು ಬಿಡಿಸಿ ತರುವ ಕೆಲಸ ಸುಮಾರು 45 ಸೆಂಟಿಮೀಟರ್ ಉದ್ದದ ಆ ನಾಲಗೆಯದು.

ಆಫ್ರಿಕದ ಜಾಲಿಯ ಕಾಡುಗಳಲ್ಲಿ ಈ ಕೆಲಸ ಹಗಲಿನ ಬಹುಭಾಗವನ್ನು ವ್ಯಾಪಿಸುತ್ತದೆ. ಒಂದು ಮರದಲ್ಲಿ ನಾಲ್ಕು ಬಾಯಿ ಎಲೆ, ಮುಂದಿನ ಮರದಲ್ಲಿ ಮತ್ತೆರಡು ಬಾಯಿ, ಅನಂತರ ಮೆಲುಕು: ಹೀಗೆ ಅದರ ದಿನಚರಿ. ಮೃಗಾಲಯದಲ್ಲಾದರೋ ಒಣಹುಲ್ಲೂ ಹಿಂಡಿಯೂ ಬುಟ್ಟಿಯಲ್ಲಿ ಸಿದ್ಧವಾಗಿರುತ್ತವೆ. ಹೊಟ್ಟೆ ಅಲ್ಪಕಾಲದಲ್ಲಿ ತುಂಬುತ್ತದೆ. ಆದರೆ ನಾಲಗೆಗೆ ಪ್ರಕೃತಿ ವಿಧಿಸಿದ ಕೆಲಸ ಮುಗಿದಿರುವುದಿಲ್ಲ. ಆ ಶೇಷವೇ ಗೋಡೆಯ ಮೇಲೆ ವ್ಯಯವಾಗುತ್ತದೆ.

ಇದು ಕೇವಲ ಊಹೆಯಲ್ಲ. ಅಮೆರಿಕದ ಮೃಗಾಲಯಗಳಲ್ಲಿದ್ದ ಜಿರಾಫೆ ಮತ್ತು ಅವುಗಳ ಬಂಧುಗಳಾದ ಒಕಾಪಿಗಳನ್ನು ಕುರಿತು ನಡೆದ ಸಮೀಕ್ಷೆಯೊಂದು 2001ರಲ್ಲಿ ಪ್ರಕಟವಾಯಿತು. ಸುಮಾರು ಶೇಕಡಾ 80 ಪ್ರಾಣಿಗಳಲ್ಲಿ ಒಂದಲ್ಲ ಒಂದು ಬಗೆಯ ನಿರರ್ಥಕ ಪುನರಾವರ್ತಿತ ವರ್ತನೆ ಕಂಡುಬಂದಿತ್ತು. ಅವುಗಳಲ್ಲಿ ಮೊದಲ ಸ್ಥಾನ ಆಹಾರವಲ್ಲದ ವಸ್ತುಗಳನ್ನು ನೆಕ್ಕುವುದಕ್ಕೆ. ಎರಡನೆಯದು ಒಂದೇ ಜಾಡಿನಲ್ಲಿ ಹಿಂದೆ ಮುಂದೆ ಅಡ್ಡಾಡುವುದಕ್ಕೆ. 2008ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಅಟ್ಲಾಂಟಾ ಮೃಗಾಲಯದ ಜಿರಾಫೆಗಳಿಗೆ ಆಹಾರವನ್ನು ನಾಲಗೆಯಿಂದ ಶ್ರಮಪಟ್ಟು ತೆಗೆಯಬೇಕಾದ ಪಾತ್ರೆಗಳಲ್ಲಿಟ್ಟು ನೋಡಲಾಯಿತು. ನೆಕ್ಕುವ ಚಟ ಕಡಿಮೆಯಾಯಿತು. ಕಾರಣವೆಂದು ನಾವು ಶಂಕಿಸಿದುದನ್ನು ಬದಲಿಸಿದಾಗ ಕಾರ್ಯವೂ ಬದಲಾಗುವುದಾದರೆ ಅದಕ್ಕಿಂತ ಬಲವಾದ ಸಾಕ್ಷ್ಯವನ್ನು ವಿಜ್ಞಾನದ ವಿದ್ಯಾರ್ಥಿ ಬೇರೆಲ್ಲಿ ಅರಸಬೇಕು?

ಹಗಲಿಗಿಂತ ರಾತ್ರಿಯ ಪ್ರಶ್ನೆ ಇನ್ನೂ ಗಹನವಾದುದು. ಪ್ರೇಕ್ಷಕರು ಹೊರಟುಹೋದ ಮೇಲೆ ಅನೇಕ ಮೃಗಾಲಯಗಳಲ್ಲಿ ಜಿರಾಫೆಗಳನ್ನು ಕೊಟ್ಟಿಗೆಗೆ ಸೇರಿಸುತ್ತಾರೆ. ಮೃಗಾಲಯದ ಜಿರಾಫೆಗಳ ನಿದ್ರೆಯನ್ನು ಅಳೆದು 1996ರಲ್ಲಿ ಪ್ರಕಟಿಸಿದ ಸಂಶೋಧಕರ ಪ್ರಕಾರ ಅವು ದಿನವೊಂದಕ್ಕೆ ನಿದ್ರಿಸುವುದು ಸರಾಸರಿ ನಾಲ್ಕೂವರೆ ಗಂಟೆಗಿಂತ ತುಸು ಹೆಚ್ಚು ಮಾತ್ರ. ಹನ್ನೆರಡು ಗಂಟೆ ಕೊಟ್ಟಿಗೆಯಲ್ಲಿ ಕಳೆಯುವ ಪ್ರಾಣಿಯು ಅದರ ಅರ್ಧಕ್ಕಿಂತ ಹೆಚ್ಚು ಕಾಲ ಎಚ್ಚರವಾಗಿಯೇ ಇರುತ್ತದೆ. ಆಗ ಅದರ ಮುಂದೆ ಒಂದು ಹಸಿರು ಕೊಂಬೆಯೂ ಇಲ್ಲದಿದ್ದರೆ ಆ ದೀರ್ಘ ಸಮಯವನ್ನು ಅದು ಹೇಗೆ ಕಳೆಯಬೇಕು? ಮೂಕಪ್ರಾಣಿಯೆಂದೇ ಹೆಸರಾಗಿದ್ದ ಜಿರಾಫೆಯು ರಾತ್ರಿಯಲ್ಲಿ ಸುಮಾರು 92 ಹರ್ಟ್ಸ್ ಆವೃತ್ತಿಯ ಮಂದ್ರ ಗುಂಜಾರವ ಮಾಡುತ್ತದೆಂಬ ಸಂಗತಿ ಯುರೋಪಿನ ಮೂರು ಮೃಗಾಲಯಗಳಲ್ಲಿ ನಡೆದ ಧ್ವನಿಮುದ್ರಣಗಳಿಂದ 2015ರಲ್ಲಿ ಹೊರಬಂದಿತು. ಎಷ್ಟೋ ಕಾಲದಿಂದ ಮೃಗಾಲಯಗಳಲ್ಲಿ ಸಾಕುತ್ತಿರುವ ಪ್ರಾಣಿಯ ದನಿಯನ್ನು ಗುರುತಿಸಲು ಇಷ್ಟು ತಡವಾಯಿತೆಂಬುದು ನಾವು ರಾತ್ರಿಯ ಕಡೆಗೆ ಎಷ್ಟು ಅಲಕ್ಷ್ಯ ತೋರಿದ್ದೇವೆಂಬುದಕ್ಕೆ ನಿದರ್ಶನ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೃಗಾಲಯದಲ್ಲಿ ಸಿಂಹದ ಭಯವಿಲ್ಲ, ಬರಗಾಲವಿಲ್ಲ, ರೋಗಕ್ಕೆ ವೈದ್ಯರಿದ್ದಾರೆ, ಇನ್ನೇನು ಬೇಕು ಎಂಬುದು ಮೊದಲನೆಯದು. ಆ ಉಪಕಾರಗಳೆಲ್ಲವೂ ನಿಜ. ಆದರೆ ಆಪತ್ತು ಇಲ್ಲದಿರುವುದೂ ಸುಖ ಇರುವುದೂ ಒಂದೇ ಅಲ್ಲ. ಹಾಗಾದರೆ ಮೃಗಾಲಯಗಳನ್ನೇ ಮುಚ್ಚಿಬಿಡಿ ಎಂಬುದು ಎರಡನೆಯದು. ಬಂಧನದಲ್ಲಿಯೇ ಹುಟ್ಟಿ ಬೆಳೆದ ಜಿರಾಫೆಯನ್ನು ಆಫ್ರಿಕದ ಬಯಲಿನಲ್ಲಿ ತಂದು ಬಿಟ್ಟರೆ ಅದು ಬದುಕೀತೆಂಬ ಭರವಸೆಯಿಲ್ಲ. ಇರುವ ಪ್ರಾಣಿಗಳಿಗೆ ನಾವು ಹೊಣೆಗಾರರು. ಆ ಹೊಣೆಯಿಂದ ಘೋಷಣೆಗಳು ನಮ್ಮನ್ನು ಬಿಡಿಸಲಾರವು.

ಮಾಡಬೇಕಾದುದು ದುಸ್ಸಾಧ್ಯವೂ ಅಲ್ಲ. ಕತ್ತು ಚಾಚಿ ತಿನ್ನುವಷ್ಟು ಎತ್ತರದಲ್ಲಿ ಹಸಿರು ಕೊಂಬೆಗಳನ್ನು ಕಟ್ಟುವುದು, ಆಹಾರವನ್ನು ಹಲವು ಕಡೆ, ಹಲವು ಸಲ, ಸುಲಭವಾಗಿ ಸಿಗದಂತೆ ಒದಗಿಸುವುದು, ರಾತ್ರಿಗೂ ಮೇವಿಡುವುದು, ಒಂಟಿಯಾಗಿಡದೆ ಗುಂಪಿನಲ್ಲಿರಿಸುವುದು. ಈ ವಿಷಯದಲ್ಲಿ ನಮ್ಮ ನಾಡಿಗೆ ಯುರೋಪಿಗಿಲ್ಲದ ಅನುಕೂಲವೊಂದಿದೆ. ಅಲ್ಲಿಯ ಚಳಿಗಾಲದಲ್ಲಿ ಮರಗಳು ಎಲೆ ಉದುರಿಸುತ್ತವೆ, ಪ್ರಾಣಿಗಳು ಬಹುಕಾಲ ಒಳಗೇ ಉಳಿಯುತ್ತವೆ. ನಮ್ಮಲ್ಲಿ ವರ್ಷವಿಡೀ ಹಸಿರು ಮೇವು ದೊರಕುತ್ತದೆ; ನಮ್ಮ ಹೊಲದ ಬದುಗಳಲ್ಲಿ ನಿಂತಿರುವ ಕರಿಜಾಲಿಯು ಆಫ್ರಿಕದಲ್ಲಿಯೂ ಸಹಜವಾಗಿ ಬೆಳೆಯುವ ಮರ.

1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯದಲ್ಲಿ ನಮ್ಮ ವಿದ್ಯಾರ್ಥಿಗಳು ಜಿರಾಫೆಯನ್ನು ಕಣ್ಣಾರೆ ಕಾಣಬಹುದು. ಅಲ್ಲಿಗಾಗಲಿ ಬೇರೆ ಯಾವ ಮೃಗಾಲಯಕ್ಕಾಗಲಿ ಹೋದಾಗ ಐದು ನಿಮಿಷ ನೋಡಿ ಮುಂದಕ್ಕೆ ಸಾಗಬೇಡಿರಿ. ಗಡಿಯಾರವನ್ನೂ ಟಿಪ್ಪಣಿ ಪುಸ್ತಕವನ್ನೂ ಹಿಡಿದು ಅರ್ಧ ಗಂಟೆ ನಿಲ್ಲಿರಿ. ಪ್ರತಿ ನಿಮಿಷಕ್ಕೊಮ್ಮೆ ಪ್ರಾಣಿಯು ತಿನ್ನುತ್ತಿದೆಯೆ, ಮೆಲುಕು ಹಾಕುತ್ತಿದೆಯೆ, ನಡೆಯುತ್ತಿದೆಯೆ, ಗೋಡೆಯನ್ನು ನೆಕ್ಕುತ್ತಿದೆಯೆ ಎಂದು ಗುರುತು ಹಾಕಿರಿ. ನಿಮ್ಮ ಕೈಯಿಂದ ಏನನ್ನೂ ತಿನ್ನಿಸದಿರಿ. ಹೀಗೆ ಎಣಿಸಿ ನೋಡುವ ಪ್ರೇಕ್ಷಕರು ಹೆಚ್ಚಿದಂತೆ ಮೃಗಾಲಯದ ಅಧಿಕಾರಿಗಳೂ ಎಣಿಸಬೇಕಾಗುತ್ತದೆ. ಪ್ರಾಣಿದಯೆಗೆ ಮೃದುವಾದ ಮನಸ್ಸೊಂದೇ ಸಾಲದು, ನಿಷ್ಕೃಷ್ಟವಾದ ವೀಕ್ಷಣೆಯೂ ಬೇಕು.